ಹನ್ನೆರಡೂವರೆಯ ನೆರಳು

ಶಿಕ್ಷಕ ತರಬೇತಿ ಸಂಸ್ಥೆಯಲ್ಲಿ ಕಲಿಯುವವರ ಸ್ಥಿತಿ ವಿಚಿತ್ರವಾದುದು. ಹಗಲಿನಲ್ಲಿ ಅವರು ಶಿಕ್ಷಕರು. ಸಂಜೆ ವಸತಿಗೃಹಕ್ಕೆ ಮರಳಿದ ಕೂಡಲೇ ವಿದ್ಯಾರ್ಥಿಗಳು. ಮಕ್ಕಳ ಮುಂದೆ ನಿಂತು ಪಾಠ ಹೇಳುವಾಗಲೂ ಹಿಂಬದಿಯ ಬೆಂಚಿನಲ್ಲಿ ಕುಳಿತ ಉಪನ್ಯಾಸಕರ ಲೇಖನಿಯ ಸದ್ದು ಅವರ ಕಿವಿಗೆ ಬೀಳುತ್ತಿರುತ್ತದೆ. ಅಂಥವರಲ್ಲೊಬ್ಬಳು ಧಾರವಾಡದ ಸಮೀಪದ ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಗೆ ಬೋಧನಾಭ್ಯಾಸಕ್ಕೆಂದು ಬಂದಳು. ಆಗ ಆಗಸ್ಟ್ ತಿಂಗಳು ಮುಗಿಯುತ್ತ ಬಂದಿತ್ತು. ಆರನೆಯ ತರಗತಿಯ ಮೂವತ್ತೆರಡು ಮಕ್ಕಳು ಆಕೆಯ ಪಾಲಿಗೆ ಬಂದರು. ಅವರಿಂದ ವಿಜ್ಞಾನದ ಯೋಜನಾಕಾರ್ಯಗಳನ್ನು ಗುಂಪುಗಳಲ್ಲಿ ಮಾಡಿಸಬೇಕಾಗಿತ್ತು.

ಗುಂಪು ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆಗೆ ಆಕೆಯ ಬಳಿ ಸಿದ್ಧವಾದ ಉತ್ತರವಿತ್ತು. ಹೋಶಂಗಾಬಾದಿನ ಸಂಗತಿಯನ್ನು ಆಕೆ ತರಬೇತಿಯಲ್ಲಿ ಕೇಳಿದ್ದಳು. ನರ್ಮದಾ ನದಿಯ ದಂಡೆಯಲ್ಲಿರುವ, ಈಗ ನರ್ಮದಾಪುರಂ ಎಂದು ಕರೆಯಲ್ಪಡುವ ಮಧ್ಯಪ್ರದೇಶದ ಆ ಜಿಲ್ಲೆಯಲ್ಲಿ 1972ರಲ್ಲಿ ಒಂದು ಪ್ರಯೋಗ ಪ್ರಾರಂಭವಾಯಿತು. ಕಿಶೋರ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಸರಕಾರದ ಒಪ್ಪಿಗೆ ಪಡೆದು, ಹದಿನಾರು ಶಾಲೆಗಳಲ್ಲಿ ಆರರಿಂದ ಎಂಟನೆಯ ತರಗತಿಯವರೆಗಿನ ವಿಜ್ಞಾನವನ್ನು ಪ್ರಯೋಗಗಳ ಮೂಲಕವೇ ಕಲಿಸಲು ಮುಂದಾದವು. ಮಕ್ಕಳು ನಾಲ್ಕು ನಾಲ್ಕು ಜನರ ಟೋಳಿಗಳಾಗಿ ಕುಳಿತು ಕೆಲಸ ಮಾಡುತ್ತಿದ್ದರು. ಅವರಿಗಾಗಿ ಸಿದ್ಧಪಡಿಸಿದ 'ಬಾಲ ವೈಜ್ಞಾನಿಕ' ಎಂಬ ಪುಸ್ತಕ ಪ್ರಶ್ನೆಗಳನ್ನು ಕೇಳುತ್ತಿತ್ತೇ ಹೊರತು ಉತ್ತರಗಳನ್ನು ಅಚ್ಚುಮಾಡಿ ಕೊಡುತ್ತಿರಲಿಲ್ಲ. ಉತ್ತರ ಮಕ್ಕಳ ನೋಟುಪುಸ್ತಕದಲ್ಲಿಯೇ ಮೂಡಬೇಕಾಗಿತ್ತು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡು ಕೂಡುವುದಕ್ಕೂ ಅಡ್ಡಿಯಿರಲಿಲ್ಲ. ಶಿಕ್ಷಕರು ರಜೆಯಲ್ಲಿ ತಾವೇ ಟೋಳಿಗಳಾಗಿ ಕುಳಿತು, ಮಕ್ಕಳು ಮಾಡುವ ಪ್ರಯೋಗಗಳನ್ನೆಲ್ಲ ಮಾಡಿ ಕಲಿಯುತ್ತಿದ್ದರು. ಮಕ್ಕಳು ತಮಗೆ ತೋಚಿದ ಪ್ರಶ್ನೆಗಳನ್ನು 'ಸವಾಲಿರಾಮ'ನೆಂಬ ಕಲ್ಪಿತ ವ್ಯಕ್ತಿಗೆ ಕಾಗದ ಬರೆದು ಕೇಳಬಹುದಾಗಿತ್ತು. 1978ರಲ್ಲಿ ಈ ಕಾರ್ಯಕ್ರಮ ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಸ್ಥಾಪನೆಯಾದ 'ಏಕಲವ್ಯ' ಸಂಸ್ಥೆ ಅದರ ಹೊಣೆಯನ್ನು ಹೊತ್ತಿತು. 2002ರಲ್ಲಿ ರಾಜ್ಯ ಸರಕಾರ ಅದನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದುಬಂದ ಕೆಲಸವೊಂದು ಒಂದು ಆದೇಶದಿಂದ ನಿಂತುಹೋದುದು ದುಃಖದ ಸಂಗತಿಯೇ ಸರಿ.

ಮೂವತ್ತೆರಡು ಮಕ್ಕಳು ಎಂಟು ಗುಂಪುಗಳಾದರು. ಗುಂಪುಗಳಿಗೆ ನದಿಗಳ ಹೆಸರಿಡಬೇಕೆಂದು ಮಕ್ಕಳೇ ಹಟ ಹಿಡಿದರು. ಒಂದು ಗುಂಪು ಕಾಳುಗಳ ಮೊಳಕೆಯನ್ನು ನೋಡತೊಡಗಿತು. ಇನ್ನೊಂದು ತಟ್ಟೆಯ ನೀರು ಆರುವ ವೇಗವನ್ನು ಅಳೆಯಿತು. ಮತ್ತೊಂದು ದಾರಕ್ಕೆ ಕಲ್ಲು ಕಟ್ಟಿ ತೂಗಾಡಿಸಿ ಎಣಿಸಿತು. ಧಾರವಾಡದಲ್ಲಿಯೇ ಹುಟ್ಟುವ ಶಾಲ್ಮಲೆಯ ಹೆಸರನ್ನಿಟ್ಟುಕೊಂಡ ಗುಂಪಿಗೆ ನೆರಳಿನ ಕೆಲಸ ಬಂತು. ನೆಲದಿಂದ ಒಂದು ಮೀಟರು ಎತ್ತರ ನಿಲ್ಲುವಂತೆ ಅಂಗಳದಲ್ಲಿ ಕೋಲು ನೆಡಬೇಕು; ಅದರ ನೆರಳು ಯಾವಾಗ ಅತಿ ಚಿಕ್ಕದಾಗುತ್ತದೆಂಬುದನ್ನು ಕಂಡುಹಿಡಿಯಬೇಕು. ಉತ್ತರವನ್ನು ಆಕೆ ಪಾಠಯೋಜನೆಯಲ್ಲಿ ಮೊದಲೇ ಬರೆದಿಟ್ಟಿದ್ದಳು: 'ಮಧ್ಯಾಹ್ನ 12 ಗಂಟೆಗೆ.'

ಮೊದಲ ಎರಡು ದಿನ ಗುಂಪುಗಳು ಹೆಸರಿಗೆ ಮಾತ್ರ ಗುಂಪುಗಳಾಗಿದ್ದವು. ಪ್ರತಿಯೊಂದರಲ್ಲಿಯೂ ಒಬ್ಬ ಚುರುಕಾದ ಹುಡುಗ ಸಲಕರಣೆಗಳನ್ನೆಲ್ಲ ಹಿಡಿದುಕೊಳ್ಳುವನು. ಉಳಿದವರು ಸುತ್ತ ನಿಂತು ನೋಡುವರು. ಅಕ್ಷರ ದುಂಡಗಿದೆಯೆಂಬ ಕಾರಣಕ್ಕೆ ಹುಡುಗಿಯರು ಬರೆಯುವ ಕೆಲಸಕ್ಕೆ ಮೀಸಲು. ಇದನ್ನು ಕಂಡ ಆಕೆ, ಕೋಲು ಕಾಯುವವರು, ಅಳೆಯುವವರು, ಗಡಿಯಾರ ನೋಡುವವರು, ಬರೆಯುವವರು ದಿನದಿನವೂ ಬದಲಾಗಬೇಕೆಂದು ಕಟ್ಟುಮಾಡಿದಳು. ಹುಡುಗರಿಗೆ ಇದು ಹಿಡಿಸಲಿಲ್ಲ. ಆದರೆ ಮುಂದೆ ನಡೆದುದಕ್ಕೆಲ್ಲ ಈ ಸಣ್ಣ ಕಟ್ಟುಪಾಡೇ ಕಾರಣವಾಯಿತು.

ಮೂರನೆಯ ದಿನ ಮೋಡ ಚದುರಿ ಬಿಸಿಲು ಬಿದ್ದಿತು. ಹನ್ನೊಂದು ಗಂಟೆಗೆ ನೆರಳಿನ ಉದ್ದ 43 ಸೆಂಟಿಮೀಟರ್, ಹನ್ನೊಂದೂವರೆಗೆ 29, ಹನ್ನೆರಡಕ್ಕೆ 18. ಗುಂಪಿನ ಮುಂದಾಳು ಹುಡುಗ, 'ಆಯ್ತು, ಇದೇ ಚಿಕ್ಕದು' ಎಂದು ಹೇಳಿ ಟೇಪು ಸುತ್ತಿದನು. ಆ ದಿನ ಅಳೆಯುವ ಸರದಿ ಬಂದಿದ್ದ ಹುಡುಗಿ ಅಲ್ಲಿಂದ ಏಳಲಿಲ್ಲ. ಟೇಪು ಹೋದರೇನಾಯಿತು? ನೆರಳಿನ ತುದಿ ಮುಟ್ಟಿದಲ್ಲೆಲ್ಲ ಆಕೆ ಒಂದೊಂದು ಹರಳುಕಲ್ಲು ಇಡುತ್ತ ಹೋದಳು. ಗಡಿಯಾರ ನೋಡುವ ಗೆಳತಿ ಕಿಟಕಿಯಿಂದ ಸಮಯ ಕೂಗಿ ಹೇಳಿದಳು. ಊಟದ ಗಂಟೆ ಬಾರಿಸಿದ ಮೇಲೆ ಕಲ್ಲುಗಳನ್ನು ಅಳೆದು, ಆಕೆ ಶಿಕ್ಷಕಿಯ ಬಳಿಗೆ ಬಂದಳು.

"ಅಕ್ಕೋರ, ಹನ್ನೆರಡ ಆದಮ್ಯಾಗೂ ನೆರಳು ಸಣ್ಣ ಆಗಾಕತ್ತಿತ್ರಿ."

"ನೀ ಕೋಲು ಅಲುಗಾಡಿಸಿರಬೇಕು, ನೋಡು."

ಹುಡುಗಿ ಮರುಮಾತನಾಡಲಿಲ್ಲ. ಮರುದಿನ ಶಿಕ್ಷಕಿ ಗಾರೆ ಕೆಲಸದವರಿಂದ ತೂಗುಗುಂಡು ತರಿಸಿ ಕೋಲನ್ನು ನೆಟ್ಟಗೆ ನಿಲ್ಲಿಸಿದಳು; ಗೋಡೆಯ ಗಡಿಯಾರವನ್ನು ಆಕಾಶವಾಣಿಯ ಸಮಯಕ್ಕೆ ಸರಿಹೊಂದಿಸಿದಳು. ಫಲ ಬದಲಾಗಲಿಲ್ಲ. ಮರುದಿನ ಬೆಳಗ್ಗೆಯೇ ಮೇಲ್ವಿಚಾರಕರು ಬರುವವರಿದ್ದರು. ಎಂಟು ಗುಂಪುಗಳ ಚಿತ್ರಪಟಗಳು ಗೋಡೆಯ ಮೇಲೆ ತೂಗಬೇಕಾಗಿತ್ತು. ಆಕೆ ಹೆಚ್ಚು ಯೋಚಿಸದೆ, ಶಾಲ್ಮಲಾ ಗುಂಪಿನ ಪಟದ ಮೇಲೆ 'ನೆರಳು ಅತಿ ಚಿಕ್ಕದಾಗುವ ಸಮಯ: 12 ಗಂಟೆ' ಎಂದು ಬರೆಯಿಸಿದಳು. ಹನ್ನೆರಡರ ಮುಂದಿನ ಅಳತೆಗಳು ಪಟದಲ್ಲಿ ಬರಲಿಲ್ಲ. ಬರೆದವನು ಮುಂದಾಳು ಹುಡುಗ. ಕಲ್ಲಿಟ್ಟ ಹುಡುಗಿ ತನ್ನ ನೋಟುಪುಸ್ತಕವನ್ನು ಮಾತ್ರ ತಿದ್ದಲಿಲ್ಲ. ಉಳಿದ ಪುಸ್ತಕಗಳ ಜೊತೆಗೆ ಅದನ್ನೂ ಮೇಜಿನ ಮೇಲಿಟ್ಟು ಹೋದಳು.

ಆ ರಾತ್ರಿ ವಸತಿಗೃಹದಲ್ಲಿ ಪುಸ್ತಕಗಳನ್ನು ನೋಡುತ್ತಿದ್ದಾಗ ಶಿಕ್ಷಕಿಯ ಕಣ್ಣು ಒಂದು ಪುಟದಲ್ಲಿ ನಿಂತಿತು. ಹನ್ನೆರಡು ಗಂಟೆಗೆ 18, ಹನ್ನೆರಡೂ ಕಾಲಿಗೆ 14, ಹನ್ನೆರಡೂವರೆಗೆ ಹನ್ನೆರಡೂವರೆ, ಹನ್ನೆರಡೂ ಮುಕ್ಕಾಲಿಗೆ 14, ಒಂದು ಗಂಟೆಗೆ 18. ಸಂಖ್ಯೆಗಳು ಇಳಿದ ಮೆಟ್ಟಿಲುಗಳನ್ನೇ ತಿರುಗಿ ಏರಿದ್ದವು. ಕೋಲು ಅಲುಗಾಡಿದ್ದರೆ, ಕಣ್ಣು ತಪ್ಪಿದ್ದರೆ ಅಳತೆಗಳು ಚೆಲ್ಲಾಪಿಲ್ಲಿಯಾಗಬೇಕಾಗಿತ್ತು. ಹೀಗೆ ಹನ್ನೆರಡೂವರೆಯ ಎರಡು ಪಕ್ಕಗಳಲ್ಲಿ ಜೋಡಿಜೋಡಿಯಾಗಿ ನಿಲ್ಲುತ್ತಿರಲಿಲ್ಲ. ತಪ್ಪಿಗೆ ಇಷ್ಟೊಂದು ಅಚ್ಚುಕಟ್ಟು ಇರುವುದಿಲ್ಲ. ಹುಡುಗಿ ಸರಿಯಾಗಿಯೇ ಅಳೆದಿದ್ದಳು. ಹಾಗಾದರೆ ಗೋಡೆಯ ಮೇಲಿನ ಪಟ ಸುಳ್ಳು ಹೇಳುತ್ತಿತ್ತು. ಆ ಸುಳ್ಳನ್ನು ಬರೆಯಿಸಿದವಳು ತಾನು. ಆಕೆಗೆ ಬಹಳ ಹೊತ್ತು ನಿದ್ರೆ ಹತ್ತಲಿಲ್ಲ.

ಮರುದಿನ ಆಕೆ ಬೇಗನೆ ಶಾಲೆಗೆ ಬಂದಳು. ಮೇಲ್ವಿಚಾರಕರು ಬರುವುದಕ್ಕೆ ಒಂದು ಗಂಟೆಯಷ್ಟೇ ಉಳಿದಿತ್ತು. ಹೊಸ ಪಟ ಬರೆಯಿಸಿ ಹಳೆಯದನ್ನು ಹರಿದುಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಕೆ ಹಾಗೆ ಮಾಡದೆ, ಮಕ್ಕಳೆಲ್ಲರ ಮುಂದೆ 12 ಎಂಬ ಅಂಕಿಯ ಮೇಲೆ ಅಡ್ಡಗೆರೆ ಎಳೆದಳು. "ಇದನ್ನು ಬರೆಯಲು ಹೇಳಿದವಳು ನಾನು. ಅಳತೆ ನೋಡದೆ ಹೇಳಿದೆ. ಅಳತೆ ತೆಗೆದವರದು ಸರಿ ಇದೆ; ನನ್ನದು ತಪ್ಪು. ಆದರೆ ಹನ್ನೆರಡೂವರೆಗೆ ಯಾಕೆ ಹೀಗಾಗುತ್ತದೆಂಬುದು ನನಗೆ ಗೊತ್ತಿಲ್ಲ. ಹುಡುಕೋಣ" ಎಂದಳು. ತರಗತಿ ಒಂದು ಗಳಿಗೆ ಮೌನವಾಯಿತು. 'ನನಗೆ ಗೊತ್ತಿಲ್ಲ' ಎಂಬ ಮಾತನ್ನು ಆ ಮಕ್ಕಳು ಶಿಕ್ಷಕರ ಬಾಯಿಂದ ಮೊದಲ ಸಲ ಕೇಳಿದ್ದಿರಬಹುದು.

ಮುಖ್ಯೋಪಾಧ್ಯಾಯರ ಕೋಣೆಯಿಂದ ಭಾರತದ ಭೂಪಟ ಬಂತು. ಉತ್ತರ ಅದರೊಳಗೇ ಇತ್ತು. ನಮ್ಮ ಗಡಿಯಾರಗಳು ತೋರಿಸುವುದು ಭಾರತೀಯ ಪ್ರಮಾಣ ಸಮಯವನ್ನು. ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಅದನ್ನು ಹೊಂದಿಸಲಾಗಿದೆ. ಧಾರವಾಡ ಇರುವುದು 75 ಡಿಗ್ರಿ ರೇಖಾಂಶದಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಏಳೂವರೆ ಡಿಗ್ರಿಗೆ ಎಷ್ಟು? ಲೆಕ್ಕ ಮಾಡಿದವರು ಮಕ್ಕಳೇ: ಮೂವತ್ತು ನಿಮಿಷ. ಮಿರ್ಜಾಪುರವನ್ನು ದಾಟಿದ ಸೂರ್ಯ ಧಾರವಾಡದ ನೇರಕ್ಕೆ ಬರಲು ಅರ್ಧ ಗಂಟೆ ಹಿಡಿಯುತ್ತದೆ. ಮಧ್ಯಾಹ್ನವೆಂದರೆ 'ಅಹ್ನ'ದ, ಎಂದರೆ ಹಗಲಿನ, ಮಧ್ಯ. ಆ ಶಬ್ದದಲ್ಲಿ ಹನ್ನೆರಡು ಗಂಟೆ ಎಲ್ಲಿಯೂ ಅಡಗಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ಹಿಂದೆ ಊರೂರಿಗೆ ಅದರದೇ ಸಮಯವಿತ್ತು. ಸೂರ್ಯ ತಮ್ಮ ಊರಿನ ಆಕಾಶದಲ್ಲಿ ಅತಿ ಎತ್ತರಕ್ಕೆ ಬಂದಾಗ ಜನ ಮಧ್ಯಾಹ್ನವೆನ್ನುತ್ತಿದ್ದರು. ರೈಲುಗಳು ಓಡತೊಡಗಿದ ಮೇಲೆ ಇದರಿಂದ ಗೊಂದಲವಾಯಿತು. ಆದುದರಿಂದ 1906ರ ಜನವರಿ 1ರಿಂದ ದೇಶಕ್ಕೆಲ್ಲ ಒಂದೇ ಪ್ರಮಾಣ ಸಮಯ ಬಂತು. ಆದರೆ ಮುಂಬಯಿ ನಗರ ಅದಕ್ಕಿಂತ 39 ನಿಮಿಷ ಹಿಂದಿದ್ದ ತನ್ನ ಸಮಯವನ್ನು ಮುಂದೆಯೂ ಹಲವು ದಶಕ ಬಿಟ್ಟುಕೊಡಲಿಲ್ಲ.

ಮೇಲ್ವಿಚಾರಕರು ಬಂದರು. ಕಾಟುಹಾಕಿದ ಪಟವನ್ನು ಕಂಡು ಅವರ ಹುಬ್ಬು ಗಂಟಿಕ್ಕಿತು. ತಿರುಗಿ ಮಕ್ಕಳನ್ನು ಕೇಳಿದರು: "ಹನ್ನೆರಡು ಗಂಟೆಗೆ ಸೂರ್ಯ ಅತಿ ಎತ್ತರದಲ್ಲಿ ಇರುತ್ತಾನಲ್ಲವೆ?"

ಕಲ್ಲಿಟ್ಟ ಹುಡುಗಿ ಎದ್ದು ನಿಂತಳು. "ನಮ್ಮೂರಾಗ ಇರಂಗಿಲ್ರಿ, ಸರ್. ಗಡಿಯಾರದಾಗಿನ ಹನ್ನೆರಡು ಮಿರ್ಜಾಪುರದ್ದರಿ, ನಮ್ಮದಲ್ಲ."

ಅವರು ನಗಲಿಲ್ಲ, ಗದರಲೂ ಇಲ್ಲ. ಪಾಠ ಮುಗಿದರೂ ಹೊರಡದೆ, ಹನ್ನೆರಡಕ್ಕೆ ಅಂಗಳಕ್ಕಿಳಿದು ಕೋಲಿನ ಬಳಿ ನಿಂತರು. ತಮ್ಮ ಕೈಗಡಿಯಾರವನ್ನು ನೋಡುತ್ತ ಒಂದು ಗಂಟೆಯವರೆಗೆ ಬಿಸಿಲಿನಲ್ಲಿದ್ದರು. ನಡುನಡುವೆ ಮೋಡ ಕವಿದಾಗ ಮಕ್ಕಳ ಜೊತೆಗೆ ತಾವೂ ಆಕಾಶ ನೋಡಿದರು. ಹನ್ನೆರಡೂವರೆಯ ಕಲ್ಲನ್ನು ಇಟ್ಟವರು ಅವರೇ. ಆದರೆ ವರದಿಯಲ್ಲಿ, ಪಾಠ ನಿಗದಿತ ಅವಧಿಯನ್ನು ಮೀರಿತೆಂದು ಬರೆದು ಎರಡು ಅಂಕ ಕಳೆದರು. ಮೀರಿದ್ದೇನೋ ನಿಜವಾಗಿತ್ತು.

ಬೋಧನಾಭ್ಯಾಸ ಮುಗಿಯಿತು. ದಸರಾ, ದೀಪಾವಳಿ ಕಳೆದವು. ನವೆಂಬರ್ ಮಧ್ಯದಲ್ಲಿ ಆಕೆಯ ಹೆಸರಿಗೆ ವಸತಿಗೃಹಕ್ಕೆ ಒಂದು ಅಂಚೆ ಕಾರ್ಡು ಬಂತು. ನಾಲ್ಕು ಬಗೆಯ ಅಕ್ಷರಗಳು ಅದರಲ್ಲಿದ್ದವು. ತಾವು ಕೋಲನ್ನು ಮತ್ತೆ ನೆಟ್ಟಿರುವುದಾಗಿಯೂ, ಈಗ ಹನ್ನೊಂದೂವರೆಗೂ ಒಂದು ಗಂಟೆಗೂ ನೆರಳು 71 ಸೆಂಟಿಮೀಟರು ಇರುವುದಾಗಿಯೂ, ಅತಿ ಚಿಕ್ಕ ನೆರಳು ಹನ್ನೆರಡೂ ಕಾಲಿಗೆ ಬರುವುದಾಗಿಯೂ ಶಾಲ್ಮಲಾ ಗುಂಪಿನವರು ತಿಳಿಸಿದ್ದರು. ಕೆಳಗೆ ಹೀಗೆ ಬರೆದಿತ್ತು: 'ಊರು ಸರಿದಿಲ್ಲ. ಮಿರ್ಜಾಪುರವೂ ಸರಿದಿಲ್ಲ. ಹದಿನೈದು ನಿಮಿಷ ಎಲ್ಲಿ ಹೋಯಿತು?'

ಆಕೆ ಗ್ರಂಥಾಲಯದಲ್ಲಿ ಎರಡು ಸಂಜೆ ಕಳೆದಳು. ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ಣ ವೃತ್ತವಲ್ಲ. ಅದರ ವೇಗವೂ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಅದರ ಅಕ್ಷವೂ ವಾಲಿದೆ. ಆದುದರಿಂದ ಸೂರ್ಯನ ಮಧ್ಯಾಹ್ನ ನವೆಂಬರ್ ಮೊದಲಲ್ಲಿ ಗಡಿಯಾರದ ಲೆಕ್ಕಕ್ಕಿಂತ ಹದಿನಾರು ನಿಮಿಷ ಬೇಗ ಬರುತ್ತದೆ. ಫೆಬ್ರುವರಿಯಲ್ಲಿ ಹದಿನಾಲ್ಕು ನಿಮಿಷ ತಡವಾಗಿ ಬರುತ್ತದೆ. ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಎರಡೂ ಕೂಡಿಕೊಳ್ಳುತ್ತವೆ. ತಮ್ಮ ಶಾಲೆಯ ಅಂಗಳದಲ್ಲಿ ಕೋಲು ನೆಡಬಲ್ಲ ವಿದ್ಯಾರ್ಥಿಗಳೆಲ್ಲರೂ ಇದನ್ನು ತಾವೇ ಕಾಣಬಹುದು.

ಉತ್ತರ ಸಿಕ್ಕಿತ್ತಾದರೂ ಆಕೆ ಅದನ್ನು ಕಾರ್ಡಿನಲ್ಲಿ ಬರೆಯಲಿಲ್ಲ. ಫೆಬ್ರುವರಿಯವರೆಗೆ ತಿಂಗಳಿಗೊಮ್ಮೆ ಅಳೆದು ತನಗೆ ಕಳಿಸಬೇಕೆಂದೂ, ತಾನೂ ಅಳೆದು ಅವರಿಗೆ ಕಳಿಸುವೆನೆಂದೂ ಬರೆದಳು. ಭಾನುವಾರ ಬೆಳಗ್ಗೆ ವಸತಿಗೃಹದ ಹಿತ್ತಿಲಲ್ಲಿ, ಬಟ್ಟೆ ಒಣಗಿಸುವ ಹಗ್ಗದಿಂದ ತುಸು ದೂರದಲ್ಲಿ, ಒಂದು ಮೀಟರಿನ ಕೋಲು ನೆಟ್ಟು ತೂಗುಗುಂಡು ಇಳಿಬಿಟ್ಟು ನೋಡಿದಳು. ಹನ್ನೊಂದು ಗಂಟೆಗೆ ನೆರಳು 79 ಸೆಂಟಿಮೀಟರು ಇತ್ತು. ಅದರ ತುದಿಗೆ ಒಂದು ಕಲ್ಲಿಟ್ಟು, ಆಕೆ ಪಕ್ಕದಲ್ಲಿ ಕುಳಿತಳು.