ಲೈಸೆನ್ಸ್ ಇದ್ದರೂ ಕಲಿಯುವುದಿದೆ

ಲೈಸೆನ್ಸ್ ಪಡೆಯಲು ನೀವು ಮೈದಾನದಲ್ಲಿ ಎಂಟರ ಆಕಾರದಲ್ಲಿ ಬೈಕ್ ಓಡಿಸಿ ತೋರಿಸಿರಬಹುದು. ಎದುರಿಗೆ ಮಗುವೊಂದು ಓಡಿ ಬಂದರೆ ಬ್ರೇಕ್ ಹೇಗೆ ಹಿಡಿಯುತ್ತೀರಿ ಎಂದು ಅಂದು ಯಾರಾದರೂ ನೋಡಿದ್ದರೇ?

ಗಂಟೆಗೆ 60 ಕಿ.ಮೀ. ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಯೋಚಿಸಲು ಸಮಯವಿರುವುದಿಲ್ಲ, ಕೈಕಾಲುಗಳು ರೂಢಿಯಾದದ್ದನ್ನೇ ಮಾಡುತ್ತವೆ. ಅನೇಕರು ಬೀಳುವ ಭಯದಿಂದ ಹಿಂದಿನ ಬ್ರೇಕನ್ನಷ್ಟೇ ಬಳಸುತ್ತಾರೆ. ಆದರೆ ಬ್ರೇಕ್ ಹಾಕಿದಾಗ ಭಾರ ಮುಂದಿನ ಚಕ್ರದ ಮೇಲೆ ಬೀಳುವುದರಿಂದ, ಗಾಡಿಯನ್ನು ಹೆಚ್ಚಾಗಿ ನಿಲ್ಲಿಸುವುದು ಮುಂದಿನ ಬ್ರೇಕೇ. ಹಿಂದಿನ ಚಕ್ರ ಲಾಕ್ ಆದರೆ ಗಾಡಿ ಜಾರುತ್ತದೆ. ಹ್ಯಾಂಡಲನ್ನು ನೇರವಾಗಿಟ್ಟು ಎರಡೂ ಬ್ರೇಕುಗಳನ್ನು ಒಟ್ಟಿಗೆ ಹಿಡಿಯಿರಿ. ಮುಂದಿನದನ್ನು ಒಮ್ಮೆಲೇ ಎಳೆಯದೆ ಕ್ರಮೇಣ ಬಿಗಿಗೊಳಿಸಿ. ಎಬಿಎಸ್ ಇರುವ ಕಾರಿನಲ್ಲಿ ತುರ್ತಾಗಿ ನಿಲ್ಲಿಸಬೇಕಾದಾಗ ಪೆಡಲನ್ನು ಬಲವಾಗಿ ಒತ್ತಿಹಿಡಿಯಿರಿ. ಕಾಲಿನಡಿ ಅದು ನಡುಗಿದರೂ ಬಿಡಬೇಡಿ.

ಇದು ಓದಿದಷ್ಟಕ್ಕೆ ಬರುವ ವಿದ್ಯೆಯಲ್ಲ. ಮುರಿದ ಕೈ ಕೂಡಿದ ಮೇಲೆ ವ್ಯಾಯಾಮ ಮಾಡಿಸಿ ಪಳಗಿಸುವಂತೆ, ಇದನ್ನೂ ಮಾಡಿ ಮಾಡಿಯೇ ಕಲಿಯಬೇಕು. ಅದೂ ವಾಹನ ಸಂಚಾರವಿಲ್ಲದ ಜಾಗದಲ್ಲಿ, ಕಡಿಮೆ ವೇಗದಿಂದ ಆರಂಭಿಸಿ, ಬಲ್ಲವರ ಕಣ್ಣೆದುರು. ಲೈಸೆನ್ಸ್ ಇರುವವರಿಗೂ ಇಂತಹ ತರಬೇತಿ ನೀಡುವ ಕೇಂದ್ರಗಳಿವೆ. ಕೆಲವು ದ್ವಿಚಕ್ರ ವಾಹನ ಕಂಪನಿಗಳೂ ಇದನ್ನು ನಡೆಸುತ್ತವೆ. ನಿಮ್ಮ ಊರಿನ ಡ್ರೈವಿಂಗ್ ಸ್ಕೂಲಿನಲ್ಲಿ, ಶೋರೂಮಿನಲ್ಲಿ ವಿಚಾರಿಸಿ. ಸ್ಕೂಟರ್ ಓಡಿಸುವ ಮಗಳನ್ನೂ ಕರೆದೊಯ್ಯಿರಿ.

ಕಾಯಿಲೆ ಬರುವ ಮೊದಲೇ ಆರೋಗ್ಯ ಕಾಪಾಡಿಕೊಳ್ಳುವುದನ್ನು ಯುನಾನಿಯಲ್ಲಿ ‘ಹಿಫ್ಜಾನೆ ಸೆಹತ್’ ಎನ್ನುತ್ತೇವೆ. ರಸ್ತೆಗೂ ಅದು ಅನ್ವಯಿಸುತ್ತದೆ. ಹೆಲ್ಮೆಟ್‌ನ ಪಟ್ಟಿ ಬಿಗಿದುಕೊಳ್ಳಿ, ನಿದ್ದೆಗೆಟ್ಟು ಗಾಡಿ ಓಡಿಸಬೇಡಿ. ಮೆದುಳಿಗೆ ಪೆಟ್ಟು ಬಿದ್ದ ಮೇಲೆ ಯಾವ ಪದ್ಧತಿಯ ವೈದ್ಯರೂ ಎಲ್ಲವನ್ನೂ ಮೊದಲಿನಂತೆ ಮಾಡಿಕೊಡಲಾರರು.