ಗುಜರಿಯವರನ್ನು ಕರೆಯುವ ಮೊದಲು

ತೀರ್ಥಹಳ್ಳಿಯ ಮನೆ ಖಾಲಿ ಮಾಡಲು ನಿಮಗಿರುವುದು ನಾಲ್ಕೇ ದಿನ. ಅಣ್ಣ ‘ಎಲ್ಲ ಗುಜರಿಗೆ ಹಾಕು’ ಎನ್ನುತ್ತಾರೆ, ನಿಮಗೆ ಕೈ ಬರುತ್ತಿಲ್ಲ. ನಿಮ್ಮ ಪತ್ರದ ತುಂಬ ಹಿತ್ತಾಳೆ ಪಾತ್ರೆಗಳದ್ದೇ ಮಾತು. ಅಟ್ಟದ ಟ್ರಂಕಿಗೆ ಒಂದೇ ಸಾಲು. ನಾನಾದರೆ ಆ ಟ್ರಂಕಿನಿಂದಲೇ ಶುರುಮಾಡಿ ಎನ್ನುತ್ತೇನೆ. ಪಾತ್ರೆ ಕಾಯುತ್ತದೆ, ಕಾಗದ ಕಾಯುವುದಿಲ್ಲ. ಮಲೆನಾಡಿನ ಮಳೆಗೆ ಒಂದು ಹಂಚು ಸರಿದರೆ ಸಾಕು, ಮಾಸಿದ ಬಟ್ಟೆಯಲ್ಲಿ ಸುತ್ತಿಟ್ಟ ಕಂದಾಯ ರಸೀದಿ, ಅಡಕೆ ಮಂಡಿಯ ಚೀಟಿ, ಜಾತಕ ಎಲ್ಲವೂ ಗೆದ್ದಲಿನ ಪಾಲು. ಆಸ್ತಿಯಲ್ಲಿ ನಿಮ್ಮ ಪಾಲಿನ ಪ್ರಶ್ನೆಗೂ ಉತ್ತರ ಆ ಕಟ್ಟಿನಲ್ಲೇ ಇರಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಆ ಹೊತ್ತಿಗೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪಾಲುಪತ್ರ ಆಗಿದ್ದರೆ ಲೆಕ್ಕವೇ ಬೇರೆ.

‘ಪಾಲುಪತ್ರದ ನಕಲು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದಲ್ಲ’ ಎಂದು ಅಣ್ಣ ಕೇಳಬಹುದು. ಸಿಗುತ್ತದೆ, ಹುಡುಕಲು ವರ್ಷವೋ ದಸ್ತಾವೇಜಿನ ಸಂಖ್ಯೆಯೋ ಗೊತ್ತಿದ್ದರೆ. ಅದು ಬರೆದಿರುವುದು ಆ ಕಟ್ಟಿನಲ್ಲೇ. ಕೈಬರಹದ ಪತ್ರಗಳಿಗಂತೂ ಎಲ್ಲೂ ನಕಲಿಲ್ಲ. ಹಳೆಯ ಕಾಗದವನ್ನು ಯಾರು ಓದುತ್ತಾರೆ ಎಂಬ ಮಾತೂ ಬರುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರ ನಮಗೆ ದಕ್ಕಿದ್ದು ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಗ್ರಂಥಾಲಯಕ್ಕೆ ಕೊಟ್ಟ ಓಲೆಗರಿಯಿಂದ, ಆರ್. ಶಾಮಶಾಸ್ತ್ರಿ ಅದನ್ನು 1909ರಲ್ಲಿ ಅಚ್ಚು ಹಾಕಿಸಿದರು. ನಿಮ್ಮ ಅಟ್ಟದಲ್ಲಿ ಅಷ್ಟು ದೊಡ್ಡದು ಇರಲಾರದು, ನಿಜ. ಇದ್ದರೂ ಗುಜರಿಯವರಿಗೆ ಅದು ಕಿಲೋ ಲೆಕ್ಕ. ಮೊದಲ ದಿನ ಕಾಗದಗಳನ್ನು ನೆರಳಿನಲ್ಲಿ ಹರಡಿ, ಇಬ್ಬರೂ ಕೂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಪಾತ್ರೆ ಹಂಚಿಕೆ ಮೂರನೆಯ ದಿನಕ್ಕಿರಲಿ.