ಡಿಸ್ಕು ಕೆಟ್ಟಾಗ ಕಡತಗಳ ಉದ್ಧಾರ

ಇಂದಿನ ವಿದ್ಯಾರ್ಥಿಯ ಟಿಪ್ಪಣಿ, ಪ್ರಬಂಧ, ಛಾಯಾಚಿತ್ರ, ಧ್ವನಿಮುದ್ರಣಗಳು ಬಹುಮಟ್ಟಿಗೆ ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಅಥವಾ ಹಾರ್ಡ್ ಡಿಸ್ಕಿನಲ್ಲಿಯೇ ಶೇಖರವಾಗಿರುತ್ತವೆ. ಒಂದು ದಿನ ಅದನ್ನು ಕಂಪ್ಯೂಟರಿಗೆ ಜೋಡಿಸಿದೊಡನೆ, ಈ ಡಿಸ್ಕನ್ನು ಬಳಸುವುದಕ್ಕೆ ಮುಂಚೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂಬ ಪ್ರಶ್ನೆ ಪರದೆಯ ಮೇಲೆ ಮೂಡುತ್ತದೆ. ಗಾಬರಿಯಲ್ಲಿ ಅನೇಕರು ‘ಆಗಲಿ’ ಎಂದುಬಿಡುತ್ತಾರೆ. ‘ಬೇಡ’ ಎಂಬುದೇ ಇದಕ್ಕೆ ತಕ್ಕ ಉತ್ತರವೆಂಬುದನ್ನೂ, ಅನಂತರ ಮಾಡತಕ್ಕ ಕೆಲಸವೇನೆಂಬುದನ್ನೂ ತಿಳಿಸುವುದು ಈ ಲೇಖನದ ಉದ್ದೇಶ. ಕಲಾ ವಿಭಾಗದ ನಮಗೂ ಈ ವಿಷಯ ದುರ್ಗಮವೇನಲ್ಲ.

ಡಿಸ್ಕಿನ ಒಡಲು ಸೆಕ್ಟರ್ ಎಂಬ ಸಣ್ಣ ಖಾನೆಗಳಾಗಿ ವಿಭಾಗವಾಗಿರುತ್ತದೆ. ಒಂದೊಂದು ಖಾನೆಯಲ್ಲಿ ಸಾಮಾನ್ಯವಾಗಿ ೫೧೨ ಬೈಟುಗಳು ಹಿಡಿಯುತ್ತವೆ. ಒಂದು ಕಡತವು ಇಂಥ ನೂರಾರು ಖಾನೆಗಳಲ್ಲಿ, ಕೆಲವೊಮ್ಮೆ ಒಂದಕ್ಕೊಂದು ದೂರವಾದ ಸ್ಥಳಗಳಲ್ಲಿ, ಹರಡಿಕೊಂಡಿರುತ್ತದೆ. ಯಾವ ಕಡತ ಎಲ್ಲಿ ಆರಂಭವಾಗುತ್ತದೆ, ಅದರ ಮುಂದಿನ ತುಂಡು ಎಲ್ಲಿದೆ, ಯಾವ ಖಾನೆ ಖಾಲಿ ಎಂಬ ಲೆಕ್ಕವು ಅದೇ ಡಿಸ್ಕಿನಲ್ಲಿ ಬೇರೊಂದು ಕಡೆ ಬರೆದಿರುತ್ತದೆ. ಈ ಲೆಕ್ಕದ ಏರ್ಪಾಟಿಗೇ ಕಡತ ವ್ಯವಸ್ಥೆ ಅಥವಾ ಫೈಲ್ ಸಿಸ್ಟಮ್ ಎಂದು ಹೆಸರು.

ಹಿಂದೆ ಊರಿನ ಜಮೀನಿನ ಲೆಕ್ಕವೆಲ್ಲ ಶಾನುಭೋಗರ ಪುಸ್ತಕದಲ್ಲಿರುತ್ತಿತ್ತು. ಆ ಪುಸ್ತಕಕ್ಕೆ ಗೆದ್ದಲು ಹಿಡಿದರೆ ಹೊಲಕ್ಕೂ ಗೆದ್ದಲು ಹಿಡಿಯುತ್ತಿತ್ತೇ? ಬದು, ಬೆಳೆ, ಗಡಿಕಲ್ಲು ಎಲ್ಲವೂ ಇದ್ದಲ್ಲಿಯೇ ಇರುತ್ತಿದ್ದವು. ಯಾವುದು ಯಾರದೆಂದು ಹೇಳುವುದು ಮಾತ್ರ ಕಷ್ಟವಾಗುತ್ತಿತ್ತು. ಕಡತ ವ್ಯವಸ್ಥೆ ಕೆಡುವುದೂ ಹೀಗೆಯೇ. ಫಾರ್ಮ್ಯಾಟ್ ಮಾಡುವುದೆಂದರೆ ಹಳೆಯ ಪುಸ್ತಕವನ್ನು ಬಿಸುಟು, ಊರಿನ ನೆಲವೆಲ್ಲ ಖಾಲಿಯೆಂದು ಹೊಸ ಪುಸ್ತಕ ಬರೆದಂತೆ. ಶೀಘ್ರ ಫಾರ್ಮ್ಯಾಟಿನಲ್ಲಿ ಬಹುಮಟ್ಟಿಗೆ ಪುಸ್ತಕ ಮಾತ್ರ ಬದಲಾಗುತ್ತದೆ. ಆದರೆ ೨೦೦೭ರಲ್ಲಿ ಬಂದ ವಿಂಡೋಸ್ ವಿಸ್ಟಾದಿಂದೀಚೆಗೆ ಆ ವ್ಯವಸ್ಥೆಯ ಪೂರ್ಣ ಫಾರ್ಮ್ಯಾಟ್ ಇಡೀ ಡಿಸ್ಕಿನ ಮೇಲೆ ಸೊನ್ನೆಗಳನ್ನು ಬರೆಯುತ್ತದೆ. ಎಂದರೆ ಪೈರು ನಿಂತ ಹೊಲವನ್ನೇ ಉತ್ತುಹಾಕುತ್ತದೆ.

ಲೆಕ್ಕ ಕೆಡುವುದೇಕೆ? ಬರೆಯುತ್ತಿರುವಾಗಲೇ ಪೆನ್‌ಡ್ರೈವನ್ನು ಕಿತ್ತರೆ, ಅಥವಾ ವಿದ್ಯುತ್ತು ಹೋದರೆ, ಲೆಕ್ಕದ ಒಂದು ಭಾಗ ಹೊಸದೂ ಇನ್ನೊಂದು ಹಳೆಯದೂ ಆಗಿ ಉಳಿಯುತ್ತದೆ. ಇದನ್ನು ಬಲ್ಲ ನಿರ್ಮಾಪಕರು ಮೊದಲೇ ಕೆಲವು ಉಪಾಯಗಳನ್ನು ಮಾಡಿದ್ದಾರೆ. ೧೯೭೭ರಲ್ಲಿ ಮೈಕ್ರೋಸಾಫ್ಟಿನಲ್ಲಿ ಹುಟ್ಟಿದ ಫ್ಯಾಟ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಲೆಕ್ಕದ ಪಟ್ಟಿಯ ಎರಡು ಪ್ರತಿಗಳಿರುತ್ತವೆ. ಅದರ ಫ್ಯಾಟ್ ೩೨ ಎಂಬ ಬಗೆಯಲ್ಲಿ ಮೊದಲ ಸೆಕ್ಟರಿನ ನಕಲು ಸಾಮಾನ್ಯವಾಗಿ ೬ನೆಯ ಸಂಖ್ಯೆಯ ಸೆಕ್ಟರಿನಲ್ಲಿರುತ್ತದೆ. ಲಿನಕ್ಸಿನ ಎಕ್ಸ್ಟ್ ಪಂಗಡದ ವ್ಯವಸ್ಥೆಗಳಲ್ಲಿ ಸೂಪರ್‌ಬ್ಲಾಕ್ ಎಂಬ ಮುಖ್ಯ ಪುಟದ ನಕಲುಗಳು ಹಲವೆಡೆ ಇರುತ್ತವೆ. ೪೦೯೬ ಬೈಟುಗಳ ಬ್ಲಾಕ್ ಇದ್ದಲ್ಲಿ ಮೊದಲ ನಕಲು ೩೨೭೬೮ನೆಯ ಸಂಖ್ಯೆಯ ಬ್ಲಾಕಿನಲ್ಲಿ ಸಿಗುತ್ತದೆ. ೧೯೯೩ರ ಎನ್‌ಟಿಎಫ್‌ಎಸ್, ೨೦೦೧ರಲ್ಲಿ ಲಿನಕ್ಸಿಗೆ ಸೇರಿದ ಎಕ್ಸ್ಟ್ ೩ ಇವು ಇನ್ನೊಂದು ಹೆಜ್ಜೆ ಮುಂದೆ ಹೋದವು. ವರ್ತಕರು ಕಿರ್ದಿಯಲ್ಲಿ ಬರೆದು ಅನಂತರ ಖಾತೆಗೆ ಏರಿಸುವಂತೆ, ಇವು ಲೆಕ್ಕದ ಬದಲಾವಣೆಯನ್ನು ಮೊದಲು ಜರ್ನಲ್ ಎಂಬಲ್ಲಿ ಗುರುತು ಹಾಕಿಕೊಳ್ಳುತ್ತವೆ.

ಇನ್ನು ಉದ್ಧಾರದ ಕ್ರಮ. ಮೊದಲನೆಯದಾಗಿ, ಆ ಡಿಸ್ಕಿನ ಮೇಲೆ ಏನನ್ನೂ ಬರೆಯಕೂಡದು. ಅದರಿಂದ ತೆಗೆದ ಕಡತವನ್ನು ಅದರಲ್ಲಿಯೇ ಇಡುವುದೂ ಬರೆಯುವುದೇ ಆಗುತ್ತದೆ. ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಕೆಟ್ಟಿರುವುದು ಲೆಕ್ಕವಲ್ಲ, ಯಂತ್ರ. ಕೂಡಲೆ ಅದನ್ನು ಆರಿಸಿ ತಜ್ಞರಿಗೆ ಒಪ್ಪಿಸತಕ್ಕದ್ದು.

ಎರಡನೆಯದಾಗಿ, ಇಡೀ ಡಿಸ್ಕನ್ನು ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಬೇರೊಂದು ದೊಡ್ಡ ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಇದಕ್ಕೆ ಉತ್ತಮವಾದುದು. ಅದು ಸುಲಭವಾಗಿ ಓದಬಲ್ಲ ಭಾಗಗಳನ್ನು ಮೊದಲು ಓದಿ, ಹಠ ಹಿಡಿದ ಭಾಗಗಳಿಗೆ ಅನಂತರ ಮರಳುತ್ತದೆ. ಮುಂದಿನ ಪ್ರಯೋಗಗಳೆಲ್ಲ ಈ ನಕಲಿನ ಮೇಲೆ ನಡೆಯತಕ್ಕವು.

ಮೂರನೆಯದಾಗಿ, ಲೆಕ್ಕದ ಪರಿಶೀಲನೆ. ವಿಂಡೋಸಿನಲ್ಲಿ ಚೆಕ್‌ಡಿಸ್ಕ್, ಲಿನಕ್ಸಿನಲ್ಲಿ ಎಫ್‌ಎಸ್‌ಸಿಕೆ ಎಂಬ ತಂತ್ರಾಂಶಗಳಿವೆ. ಇವುಗಳ ಧರ್ಮವನ್ನು ಚೆನ್ನಾಗಿ ತಿಳಿದಿರಬೇಕು. ಲೆಕ್ಕದಲ್ಲಿ ಪರಸ್ಪರ ವಿರೋಧ ಇಲ್ಲದಂತೆ ಮಾಡುವುದು ಇವುಗಳ ಕೆಲಸ, ನಮ್ಮ ಕಡತವನ್ನು ಉಳಿಸುವುದಲ್ಲ. ಹೊಂದದ ನಮೂದನ್ನು ಇವು ಹೊಡೆದುಹಾಕಲೂಬಹುದು. ಆದುದರಿಂದ ಮೊದಲು ವರದಿಯನ್ನಷ್ಟೇ ಕೇಳಿ, ಅನಂತರ ನಕಲಿನ ಮೇಲೆ ದುರಸ್ತಿಯ ಅಪ್ಪಣೆ ಕೊಡಬೇಕು. ಹೆಸರು ಕಳೆದುಕೊಂಡ ಅನಾಥ ಕಡತಗಳನ್ನು ಎಫ್‌ಎಸ್‌ಸಿಕೆ ‘ಲಾಸ್ಟ್ ಪ್ಲಸ್ ಫೌಂಡ್’ ಎಂಬ ಕೋಶದಲ್ಲಿ ಇರಿಸುತ್ತದೆ, ಅಲ್ಲಿಯೂ ಹುಡುಕಬೇಕು.

ನಾಲ್ಕನೆಯದಾಗಿ, ಲೆಕ್ಕವೇ ಪೂರ್ತಿ ಹೋಗಿದ್ದರೆ ಹೊಲಕ್ಕೇ ಇಳಿಯಬೇಕು. ಕ್ರಿಸ್ತೋಫ್ ಗ್ರೆನಿಯೆ ಎಂಬವರು ರಚಿಸಿದ ಟೆಸ್ಟ್‌ಡಿಸ್ಕ್ ಕಳೆದ ವಿಭಾಗಗಳನ್ನೂ ನಕಲು ಪುಟಗಳನ್ನೂ ಹುಡುಕುತ್ತದೆ. ಅವರದೇ ಆದ ಫೋಟೋರೆಕ್ ಲೆಕ್ಕವನ್ನು ನೋಡದೆ ಒಂದೊಂದೇ ಖಾನೆಯನ್ನು ಓದುತ್ತ ಗಡಿಕಲ್ಲುಗಳನ್ನು ಅರಸುತ್ತದೆ. ಪಿಡಿಎಫ್ ಕಡತವು ಶೇಕಡಾ ಚಿಹ್ನೆ ಮತ್ತು ಪಿಡಿಎಫ್ ಎಂಬ ಮೂರು ಅಕ್ಷರಗಳಿಂದ ಆರಂಭವಾಗುತ್ತದೆ. ಜೆಪೆಗ್ ಚಿತ್ರಕ್ಕೂ ಅದರದೇ ಆದ ಆರಂಭದ ಗುರುತುಂಟು. ಹೀಗೆ ಸಿಕ್ಕವುಗಳಿಗೆ ಹಳೆಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ತುಂಡುತುಂಡಾಗಿ ಹರಡಿದ್ದ ಕಡತ ಅರ್ಧವೇ ದೊರೆಯಬಹುದು.

ಈ ವಿದ್ಯೆಗೂ ಮಿತಿಯುಂಟು. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕುಗಳಲ್ಲಿ ಖಾಲಿಯೆಂದು ಘೋಷಿತವಾದ ಖಾನೆಗಳನ್ನು ಟ್ರಿಮ್ ಎಂಬ ಆಜ್ಞೆಯ ಮೇರೆಗೆ ಡಿಸ್ಕೇ ಒರೆಸಿಬಿಡಬಹುದು. ಅಲ್ಲಿ ಶೀಘ್ರ ಫಾರ್ಮ್ಯಾಟ್ ಕೂಡ ಮರಳಿ ಬಾರದ ನಷ್ಟವಾದೀತು. ಗೂಢಲಿಪಿಯಿಂದ ಮುಚ್ಚಿದ ಡಿಸ್ಕಿಗೆ ಕೀಲಿ ಕಳೆದರೆ ಯಾವ ತಂತ್ರಾಂಶವೂ ನೆರವಾಗದು.

ಯಂತ್ರ ಹೋದರೆ ಇನ್ನೊಂದನ್ನು ಕೊಳ್ಳಬಹುದು. ಆದರೆ ಜಾನಪದ ಸಂಗ್ರಹಕ್ಕೆ ಹೋದ ವಿದ್ಯಾರ್ಥಿ ಮುದ್ರಿಸಿಕೊಂಡ ಬೀಸುವ ಪದ, ಅದನ್ನು ಹಾಡಿದ ಅಜ್ಜಿ ತೀರಿಕೊಂಡ ಮೇಲೆ, ಮತ್ತೆಲ್ಲಿ ದೊರಕೀತು? ಅಂಥ ಕಡತವುಳ್ಳ ಡಿಸ್ಕಿನ ಮುಂದೆ ನಮ್ಮ ಬೆರಳು ಒಂದು ಕ್ಷಣ ತಡೆಯುವುದಾದರೆ ಈ ಲೇಖನ ಸಾರ್ಥಕ. ಅದಕ್ಕಿಂತ ಮೇಲಾದುದು, ಮುಖ್ಯವಾದ ಕಡತಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಯೂ ಇನ್ನೊಂದನ್ನು ಬೇರೆ ಸ್ಥಳದಲ್ಲಿಯೂ ಇಟ್ಟುಕೊಳ್ಳುವ ಅಭ್ಯಾಸ. ಹಾಗೆ ಮಾಡಿದವರಿಗೆ ಮೇಲಿನ ನಾಲ್ಕು ಕ್ರಮಗಳ ಅಗತ್ಯ ಬಹುಶಃ ಬೀಳಲಾರದು.